ಹೇಳದೆ ಹೊಡೆಯುವ ಗಂಟೆ

ಮಕ್ಕಳ ಮನೆ, ಅಡುಗೆಮನೆಯ ಮೇಜು
ಗುರುವಾರ, ತಾರೀಕು ಹದಿನಾಲ್ಕು

ಪ್ರೀತಿಯ ಪುಟ್ಟೀ,

ಹೇಗಿದ್ದೀಯೆ? ಹೊಟ್ಟೆಗೆ ಸರಿಯಾಗಿ ಹಾಕಿಕೊಳ್ಳುತ್ತಿದ್ದೀಯಾ, ಇಲ್ಲ ನಿನ್ನ ಅಮ್ಮ ತಟ್ಟೆ ತಂದಿಟ್ಟಾಗಲೆಲ್ಲ 'ಆಮೇಲೆ' ಅಂತ ಗೋಡೆ ಕಡೆ ತಿರುಗಿ ಮಲಗುತ್ತಿದ್ದೀಯಾ? ಅವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ಫೋನಿನಲ್ಲಿ ನನಗೆ ಎಲ್ಲವನ್ನೂ ಹೇಳುತ್ತಾಳೆ. ಆದ್ದರಿಂದ ಚೆನ್ನಾಗಿದ್ದೇನೆ ಅಂತ ಸುಳ್ಳು ಬರೆದು ಕಾಗದ ಹಾಳು ಮಾಡಬೇಡ. ತಲೆನೋವು ಕಡಿಮೆಯಾಯಿತಾ? ರಾತ್ರಿ ನಿದ್ದೆ ಬರುತ್ತದಾ? ನನ್ನ ಮೊಣಕಾಲು ಎಂದಿನಂತೆಯೇ ಇದೆ, ಮೆಟ್ಟಿಲು ಹತ್ತುವಾಗ ಒಂದು ಬೈಗುಳ, ಇಳಿಯುವಾಗ ಎರಡು. ಕಣ್ಣು ಪರವಾಗಿಲ್ಲ. ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ನಿಂತುಹೋದ ಅಕ್ಷರ ನನ್ನದು, ಸಾಲು ಗುಡ್ಡ ಹತ್ತಿ ಇಳಿಯುತ್ತದೆ, ನೀನೇ ಸರಿಮಾಡಿಕೊಂಡು ಓದು. ನೀನು ಫೋನ್ ಎತ್ತುತ್ತಿಲ್ಲ, ಎತ್ತಿದರೂ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡುತ್ತೀಯ. ಕಾಗದವನ್ನು ಕಟ್ ಮಾಡುವ ಗುಂಡಿಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಿನ್ನನ್ನು ಬಾ ಅಂತ ಕರೆಯಲು ಬರೆಯುತ್ತಿಲ್ಲ. ಕರೆದರೆ ಬರುವ ಜಾತಿಯವಳಲ್ಲ ನೀನು. ನಿನ್ನ ತಾತನ ಹಟ ನಿನಗೆ ಬಂದಿದೆ, ಅವರಿಗೆ ಕೂತ್ಕೊಳ್ಳಿ ಅಂದರೆ ನಿಂತೇ ಊಟ ಮುಗಿಸುತ್ತಿದ್ದರು. ಮನೆಯ ಸುದ್ದಿ ತಿಳಿಸೋಣ ಅಂತ, ಅಷ್ಟೆ. ಮನೆ ನಡೆಯುತ್ತಿದೆ. ನಿನ್ನ ಮೇಲ್ವಿಚಾರಕಿಯ ಕುರ್ಚಿಯಲ್ಲಿ ಯಾರೂ ಕೂತಿಲ್ಲ. ನಿನ್ನ ಸಹಾಯಕ, ಎಲ್ಲಕ್ಕೂ ಪಟ್ಟಿ ಬರೆಯುತ್ತಾನೆ ಅಂತ ನಾನು ಪಟ್ಟಿಯಪ್ಪ ಅಂತ ಹೆಸರಿಟ್ಟಿರುವ ಆ ಮಹಾನುಭಾವ, ಕುರ್ಚಿಯ ಪಕ್ಕಕ್ಕೆ ಒಂದು ಸ್ಟೂಲು ಎಳೆದುಕೊಂಡು ಅದರ ಮೇಲೆ ಕೂತು ಕೆಲಸ ಮಾಡುತ್ತಾನೆ. ಬೆಳಿಗ್ಗೆ ಎದ್ದು ಫ್ರಿಜ್ಜಿನ ಜ್ವರ ನೋಡುತ್ತಾನೆ, ಸಂಜೆ ಮತ್ತೆ ನೋಡುತ್ತಾನೆ. ನನ್ನ ಜ್ವರ ಒಂದು ದಿನವೂ ನೋಡಿದವನಲ್ಲ. ಮಕ್ಕಳ ಸ್ನಾನದ ನೀರಿಗೆ ಥರ್ಮಾಮೀಟರ್ ಅದ್ದುತ್ತಾನೆ. ಕಿಟಕಿಗಳು ಒಂದು ಗೇಣಿಗಿಂತ ಹೆಚ್ಚು ತೆರೆಯದ ಹಾಗೆ ಹಾಕಿದ ಕೊಂಡಿಗಳನ್ನು ಒಂದೊಂದಾಗಿ ಎಳೆದು ನೋಡುತ್ತಾನೆ. ಔಷಧಿ ಬೀರುವಿಗೆ ಎರಡು ಬೀಗ, ಒಂದು ಮಾತ್ರೆ ಕೊಡಲು ಇಬ್ಬರ ಸಹಿ. ಮೊನ್ನೆ ಒಂದು ಮಗುವಿಗೆ ಕೆಮ್ಮು ಬಂದಾಗ ಒಂದು ಚಮಚ ಔಷಧಿ ಹೊರಗೆ ಬರುವಷ್ಟರಲ್ಲಿ ಕೆಮ್ಮೇ ಬೇಸತ್ತು ಹೊರಟುಹೋಗಿತ್ತು.

ನಗಬೇಡ, ನಾನು ಬೈಯುತ್ತಲೂ ಇಲ್ಲ. ಒಂದು ಕಾಲಕ್ಕೆ ಬೈಯುತ್ತಿದ್ದೆ. ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ನಾನು ಮಲಗಬೇಕಾದರೆ ನಾನು ಕಳ್ಳಿಯಲ್ಲ ಅಂತ ಪೊಲೀಸರು ಬರೆದುಕೊಡಬೇಕು ಅಂದೆಯಲ್ಲ, ಆವತ್ತು ದಾರಿಯುದ್ದಕ್ಕೂ ಬೈದಿದ್ದೆ. ಠಾಣೆಯಲ್ಲಿ ಆ ಹುಡುಗು ಪೊಲೀಸು ನನ್ನ ಬೆರಳಿಗೆ ಮಸಿ ಹಚ್ಚುತ್ತಾ, "ಅಜ್ಜೀ, ಹಿಂದೆ ಏನಾದ್ರೂ ಕೇಸು ಗೀಸು ಇದ್ಯಾ?" ಅಂತ ಕೇಳಿದಾಗ, "ನಮ್ಮ ಯಜಮಾನ್ರನ್ನ ಮದುವೆ ಆಗಿದ್ದು ಬಿಟ್ರೆ ಇನ್ನೇನಿಲ್ಲ" ಅಂದಿದ್ದೆ. ನೀನು ತಲೆ ಬಗ್ಗಿಸಿ ನಕ್ಕಿದ್ದೆ. ಆಮೇಲೆ ಈ ಮಕ್ಕಳ ಜೊತೆ ಇದ್ದು, ಒಬ್ಬೊಬ್ಬರು ಎಂಥೆಂಥ ಬಾಗಿಲು ದಾಟಿ ಬಂದಿದ್ದಾರೆ ಅಂತ ತಿಳಿದಮೇಲೆ, ಒಳಗೆ ಮಲಗುವ ಪ್ರತಿಯೊಬ್ಬರ ಬೆರಳನ್ನೂ ನೋಡಬೇಕಾದದ್ದೇ ಅನ್ನಿಸಿತು. ಈಗ ಮಕ್ಕಳ ಕೋಣೆಗೆ ಕಸ ಗುಡಿಸಲು ಹೋದರೂ ಬಾಗಿಲು ತಟ್ಟಿ ನಿಲ್ಲುತ್ತೇನೆ. ಒಳಗಿನಿಂದ 'ಬನ್ನಿ' ಅನ್ನುವ ತನಕ ಕಾಯುತ್ತೇನೆ. ನಾನು ಮದುವೆಯಾಗಿ ಹೋದ ಮನೆಯಲ್ಲಿ ನನ್ನ ಕೋಣೆಯ ಬಾಗಿಲನ್ನು ಯಾರೂ ತಟ್ಟಿದವರಲ್ಲ.

ಮುಖ್ಯವಾದ ಸುದ್ದಿ ನಮ್ಮ ಸಾಸಿವೆಯದು, ಕಾಳಿನಷ್ಟಿದ್ದಾಳೆ ಅಂತ ನಾವು ಹಾಗೆ ಕರೆಯುವ ಆ ಪುಟ್ಟ ಹುಡುಗಿಯದು. ನಿನಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ, ಯಾಕೆಂದರೆ ನೀನು ಅಲ್ಲಿ ಗೋಡೆ ನೋಡಿಕೊಂಡು ನಿನ್ನ ಅವಮಾನವನ್ನೇ ಎಣಿಸುತ್ತಿರುತ್ತೀಯ, ಅವಳ ಲೆಕ್ಕ ಮರೆತಿರುತ್ತೀಯ. ಆ ಮಗು ಹುಟ್ಟಿದ ಮನೆ ಬಿಟ್ಟಮೇಲೆ ಇದು ನಾಲ್ಕನೇ ಮನೆ. ಹಾಲು ಹಲ್ಲು ಇನ್ನೂ ಪೂರ್ತಿ ಉದುರಿಲ್ಲ. ತಪಾಸಣೆಯವರು ಬರೆದುಹೋದದ್ದು ಇಷ್ಟು: ಇನ್ನೊಂದು ಸಲ, ಯಾರಿಗೂ ತಿಳಿಸದೆ ಬೆಂಕಿಯ ಅಲಾರಂ ಹೊಡೆಸಿ ನೋಡುತ್ತೇವೆ. ಆಗಲೂ ಆ ಮಗು ತಾನಾಗಿ ಹೊರಗೆ ಬಾರದಿದ್ದರೆ ಈ ಮಹಡಿ ಮನೆಯಲ್ಲಿ ಅವಳನ್ನು ಇಟ್ಟುಕೊಳ್ಳುವಂತಿಲ್ಲ, ಮಹಡಿಯಿಲ್ಲದ, ಆಳುಗಳು ಹೆಚ್ಚಿರುವ ಬೇರೆ ಊರಿನ ಮನೆಗೆ ಕಳಿಸಬೇಕು. ಅಂದರೆ ಐದನೆಯದು. ಆ ಗಂಟೆ ಸೋಮವಾರದೊಳಗೆ ಯಾವತ್ತಾದರೂ ಹೊಡೆಯಬಹುದು. ಅದೇ ಸೋಮವಾರ ಆಡಳಿತ ಮಂಡಳಿಯವರು ಸೇರಿ ನೀನು ಬರೆದುಕೊಟ್ಟ ರಾಜೀನಾಮೆಯನ್ನು ಒಪ್ಪುತ್ತಾರಂತೆ. ನಾವು ಇಲ್ಲಿ ಎರಡಕ್ಕೂ ಕಿವಿ ನೆಟ್ಟು ಕೂತಿದ್ದೇವೆ.

ಅವರು ಮೊದಲ ಸಲ ಹೇಳದೆ ಗಂಟೆ ಹೊಡೆಸಿದ ದಿನವನ್ನು ನೀನು ಕಚೇರಿ ಕಡೆಯಿಂದ ಕಂಡೆ, ನಾನು ಅಡುಗೆಮನೆ ಕಡೆಯಿಂದ ಕಂಡೆ. ನಾನು ಆಲೂಗಡ್ಡೆ ಹೆಚ್ಚುತ್ತಿದ್ದೆ. ತಪಾಸಣೆಯಮ್ಮ, ಆ ಉದ್ದನೆಯ, ಬೂದು ಕೂದಲಿನ ಹೆಂಗಸು, ಪಟ್ಟಿಯಪ್ಪನ ಹತ್ತಿರ ಅದೂ ಇದೂ ಮಾತಾಡುತ್ತಾ ನಡುಮನೆಯಲ್ಲಿ ನಿಂತಿದ್ದವರು ಮಾತಿನ ನಡುವೆಯೇ ಕೈ ಎತ್ತಿ ಗೋಡೆಯ ಕೆಂಪು ಡಬ್ಬಿ ಒತ್ತಿಬಿಟ್ಟರು. ನನ್ನ ಕೈಯ ಚಾಕು ಹಾರಿ ಸಿಂಕಿಗೆ ಬಿತ್ತು. ಒಲೆ ಆರಿಸಿ ಹೊರಗೆ ಬಂದೆ. ಮಕ್ಕಳು ಪುಸ್ತಕ ಬಿಟ್ಟು, ಬರಿಗಾಲಲ್ಲಿ, ನೀನು ಕಲಿಸಿದ ಹಾಗೆಯೇ ಸಾಲಾಗಿ ನೀರಿನ ಟ್ಯಾಂಕಿನ ಹತ್ತಿರ ಬಂದು ನಿಂತರು. ನೋಡಲು ಎಷ್ಟು ಚೆಂದ ಇತ್ತು ಅಂದರೆ ನಾನು ಆ ಹೆಂಗಸಿನ ಮುಖ ನೋಡಿ, ಹೇಗಿದೆ ನಮ್ಮ ಪಡೆ ಅನ್ನುವ ಹಾಗೆ ಸೊಂಟಕ್ಕೆ ಕೈಯಿಟ್ಟು ನಿಂತೆ. ಪಟ್ಟಿಯಪ್ಪ ಹೆಸರು ಕೂಗಿದ. ಒಂದು ಹೆಸರಿಗೆ ಉತ್ತರ ಬರಲಿಲ್ಲ. ನಿನ್ನ ಮುಖದ ರಕ್ತ ಇಳಿದುಹೋದದ್ದು ನನಗೆ ಟ್ಯಾಂಕಿನ ಆ ಕಡೆಯಿಂದಲೂ ಕಾಣಿಸಿತು.

ನೀನು ಬಾಗಿಲ ಕಡೆ ಓಡಿದೆ. ಆ ಹೆಂಗಸು ಅಡ್ಡ ಬಂದರು, "ಹೊರಗೆ ಬಂದವರು ಒಳಗೆ ಹೋಗೋ ಹಾಗಿಲ್ಲ ಮೇಡಂ, ನಿಮಗೇ ಗೊತ್ತು. ಇದು ನಿಜವಾದ ಬೆಂಕಿ ಆಗಿದ್ರೆ ಈಗ ಒಬ್ಬರಲ್ಲ, ಇಬ್ಬರು ಒಳಗೆ ಸಿಕ್ಕಿಹಾಕ್ಕೊಳ್ತಿದ್ರು" ಅಂದರು. ನೀನು ಅವರ ಕೈ ತಳ್ಳಿ ಹೋದೆ. ಎಷ್ಟು ಹೊತ್ತಾಯಿತೋ, ನಾನು ಗಡಿಯಾರ ನೋಡಲಿಲ್ಲ. ಬೂದುಗೂದಲಿನವರು ನೋಡುತ್ತಿದ್ದರು, ಅದು ಅವರ ಕೆಲಸ. ನನಗೆ ಕಂಡದ್ದು ಇಷ್ಟೆ, ಮಕ್ಕಳೆಲ್ಲ ಮೇಲಿನ ಕಿಟಕಿಗಳನ್ನು ನೋಡುತ್ತಾ ನಿಂತಿದ್ದರು, ಯಾರೂ ಯಾರನ್ನೂ ಚಿವುಟಲಿಲ್ಲ, ಯಾರೂ ಕಿಸಕ್ಕನೆ ನಗಲಿಲ್ಲ. ಕೊನೆಗೆ ನೀನು ಅವಳನ್ನು ಎತ್ತಿಕೊಂಡು ಬಂದೆ. ಮಹಡಿಯ ಹೊದಿಕೆ ಬೀರುವಿನಲ್ಲಿ, ಕೆಳಗಿನ ಅರೆಯಲ್ಲಿ, ಕಂಬಳಿಗಳ ಹಿಂದೆ, ಎರಡು ಕಿವಿಗೂ ಬೆರಳಿಟ್ಟುಕೊಂಡು ಕೂತಿದ್ದಳಂತೆ.

ಆ ಹೆಂಗಸು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅನುಕೂಲವಾಗುತ್ತಿತ್ತು, ನಾನೂ ನಾಲ್ಕು ಮಾತು ಬಿಸಾಕುತ್ತಿದ್ದೆ. ನೆಲಕ್ಕೆ ಮಂಡಿಯೂರಿ, "ಪುಟ್ಟಾ, ನಿಂಗೆ ಗಂಟೆ ಕೇಳಿಸ್ಲಿಲ್ವಾ?" ಅಂತ ಕೇಳಿದರು. ಸಾಸಿವೆ ನಿನ್ನ ಕಡೆ ನೋಡಿ, "ಅಕ್ಕ ಹೇಳಿರ್ಲಿಲ್ಲ" ಅಂದಳು. "ಯಾವಾಗ್ಲೂ ಹೇಳ್ತಾರಾ?" "ಹ್ಞೂಂ. ಕಿವೀಲಿ." ಅಷ್ಟೆ ಕಣೆ. ನಿನ್ನ ಇಷ್ಟು ವರ್ಷದ ಕೆಲಸ, ತಿಂಗಳು ತಿಂಗಳಿನ ಡ್ರಿಲ್ಲು, 'ಎಲ್ಲ ಮಕ್ಕಳೂ ಹೊರಬಂದರು' ಅಂತ ಬರೆದದ್ದು, ಎಲ್ಲವೂ ಆ ಮಗುವಿನ ಬಾಯಿಂದ ಬಿದ್ದ ಆ ಎರಡು ಮಾತಿಗೆ ಕರಗಿ ನೀರಾಯಿತು.

ನೀನು ಮಾಡಿದ್ದು ತಪ್ಪು. ನಾನು ನಿನ್ನ ಅಜ್ಜಿ ಅಂತ ಸಕ್ಕರೆ ಸವರಿ ಬರೆಯುವುದಿಲ್ಲ. ಅವಳು ಬಂದ ಹೊಸದರಲ್ಲಿ ಮೊದಲ ಗಂಟೆಗೆ ಮಂಚದ ಕೆಳಗೆ ನಡುಗುತ್ತಾ ಒದ್ದೆ ಮಾಡಿಕೊಂಡಿದ್ದಳು. ಅದನ್ನು ನೋಡಿ ನಿನ್ನ ಕರುಳು ಚುರ್ ಅಂದಿತು. ಆಮೇಲೆ ಡ್ರಿಲ್ಲಿನ ದಿನ ಬೆಳಿಗ್ಗೆ ಜಡೆ ಹಾಕುವಾಗ ಕಿವಿಯಲ್ಲಿ, "ಇವತ್ತು ಊಟ ಆದ್ಮೇಲೆ ಕೂಗುತ್ತೆ, ನನ್ನ ಕೈ ಹಿಡ್ಕೋ" ಅಂತ ಹೇಳಲು ಶುರು ಮಾಡಿದೆ. ಮನೆಯವರೆಲ್ಲರಿಗೂ ಅದು ಗೊತ್ತಿತ್ತು, ನೋಡಿ ನಾವೂ ಮನಸ್ಸು ತಂಪು ಮಾಡಿಕೊಂಡಿದ್ದೆವು. ಆದರೆ ಬೆಂಕಿಗೆ ಜಡೆ ಹಾಕಲು ಬರುವುದಿಲ್ಲ. ಅದು ಯಾರ ಕಿವಿಯಲ್ಲೂ ಹೇಳಿ ಬರುವುದಿಲ್ಲ. ನೀನು ಆ ಮಗುವಿಗೆ ಕಲಿಸಿದ್ದು ಹೊರಗೆ ಬರುವುದನ್ನಲ್ಲ, ನೀನು ಹೇಳುವ ತನಕ ಕಾಯುವುದನ್ನು. ಇದನ್ನು ಆ ಹೆಂಗಸು ನಿನಗೆ ಹೇಳಿದಾಗ ನೀನು ಬಿಳಚಿಕೊಂಡೆ. ಅವರು ಹೇಳಿದ್ದು ಸರಿ, ಅದಕ್ಕೇ ನಿನಗೆ ಅಷ್ಟು ನೋವಾಯಿತು.

ತಪ್ಪು ಎಲ್ಲರೂ ಮಾಡುತ್ತಾರೆ. ನಾನು ನಿನ್ನ ಮೇಲೆ ಸಿಟ್ಟಾಗಿರುವುದು ಅದಕ್ಕಲ್ಲ. ಮಾರನೆಯ ಬೆಳಿಗ್ಗೆ ಬೀಗದ ಕೈಗೊಂಚಲು ಮೇಜಿನ ಮೇಲಿಟ್ಟು ಮೊದಲ ಬಸ್ಸು ಹತ್ತಿದೆಯಲ್ಲ, ಅದಕ್ಕೆ. ಈ ಮನೆಯಿಂದ ಯಾವ ದೊಡ್ಡವರೂ ಮಕ್ಕಳಿಗೆ ಹೇಳದೆ ಹೋಗುವಂತಿಲ್ಲ ಅಂತ ನೀನೇ ಅಲ್ಲವೇನೆ ನಿಯಮ ಮಾಡಿದ್ದು? ಎರಡು ದಿನದ ರಜೆಗೆ ಹೋಗುವ ಅಡುಗೆಯವಳನ್ನೂ ಮಕ್ಕಳ ಮುಂದೆ ನಿಲ್ಲಿಸಿ, ಯಾವತ್ತು ವಾಪಸ್ಸು ಅಂತ ಅವಳ ಬಾಯಿಂದಲೇ ಹೇಳಿಸುತ್ತಿದ್ದವಳು ನೀನು. 'ಇವರ ಬದುಕಿನಲ್ಲಿ ಎಲ್ಲರೂ ಹೇಳದೇ ಹೋದವರೇ ಅಜ್ಜಿ, ಇಲ್ಲಿ ಹಾಗಾಗಬಾರದು' ಅಂತ ನನಗೆ ಪಾಠ ಮಾಡಿದ್ದೆ. ಆವತ್ತು ಬೆಳಿಗ್ಗೆ ಸಾಸಿವೆ ಬಾಚಣಿಗೆ ಹಿಡಿದುಕೊಂಡು ಕಚೇರಿಯ ಬಾಗಿಲಲ್ಲಿ ಕೂತಿದ್ದಳು. ಶಾಲೆಯ ವ್ಯಾನು ಬರುವ ತನಕ ಕೂತಿದ್ದಳು. ಕೊನೆಗೆ ನಾನೇ ಹೋಗಿ ಜಡೆ ಹಾಕಿದೆ, ನನ್ನ ಕೈ ಒರಟು, ಅವಳ ಕಣ್ಣಲ್ಲಿ ನೀರು ಬಂತು. 'ಎಳೀತಾ ಇದ್ಯಾ?' ಅಂದೆ. ಇಲ್ಲ ಅಂತ ತಲೆ ಆಡಿಸಿದಳು.

ಅದಿರಲಿ. ಮುಂದಿನದು ಕೇಳು. ತಪಾಸಣೆಯಮ್ಮ ಆ ವಾರವೇ ಮತ್ತೆ ಬಂದರು. ಅವರು ಬರಬೇಕಾದ ದಿನವಲ್ಲ, ಕೈಯಲ್ಲಿ ಫೈಲೂ ಇರಲಿಲ್ಲ. ಪಟ್ಟಿಯಪ್ಪ ಗಾಬರಿಯಿಂದ, "ಮೇಡಂ, ಆ ಬೀರುವಿಗೆ ಬೀಗ ಹಾಕಿಸಿದೀನಿ" ಅಂದ, ಬಹುಮಾನ ಬರುತ್ತದೆ ಅಂತ ಕಾದ. ಅವರು, "ತೆಗೀರಿ. ಅಲ್ಲಿ ಬಚ್ಚಿಟ್ಕೊಳ್ತಾಳೆ ಅಂತ ನಿಮಗೆ ಗೊತ್ತಿದೆ. ಅದಕ್ಕೆ ಬೀಗ ಹಾಕಿದ್ರೆ ಇನ್ನೊಂದು ಜಾಗ ಹುಡುಕ್ತಾಳೆ, ಅದು ನಿಮಗೆ ಗೊತ್ತಿರಲ್ಲ" ಅಂದರು. ಆಮೇಲೆ ಸಾಸಿವೆಯನ್ನು ಕರೆದು, ನೀನು ಕೂತಿದ್ದ ಜಾಗ ನನಗೂ ತೋರಿಸ್ತೀಯಾ ಅಂತ ಕೇಳಿ, ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ಬೀರುವಿನೊಳಗೆ ತಲೆ ಹಾಕಿ, ಅವಳ ಪಕ್ಕ ಅರ್ಧ ಮಲಗಿದರು. "ಇಲ್ಲಿ ಏನು ಚೆನ್ನಾಗಿದೆ?" ಅಂದರು. ಮಗು ತುಂಬ ಯೋಚಿಸಿ, "ಏನೂ ಕೇಳಿಸಲ್ಲ" ಅಂದಳು.

ಅವರು ಹೋದಮೇಲೆ ನನಗೆ ತಡೆಯಲಾಗಲಿಲ್ಲ. ಮಕ್ಕಳು ಶಾಲೆಗೆ ಹೋಗಿದ್ದಾಗ ನಾನೂ ಮೇಲೆ ಹೋಗಿ ಆ ಬೀರುವಿನೊಳಗೆ ಕೂತು ಬಾಗಿಲು ಎಳೆದುಕೊಂಡೆ. ಬೈಯಬೇಡ, ಆಗಲೇ ಪಟ್ಟಿಯಪ್ಪ ಬೈದಿದ್ದಾನೆ. ಒಳಗೆ ಬಿಸಿಲಲ್ಲಿ ಒಣಗಿದ ಕಂಬಳಿಯ ವಾಸನೆ. ಹೊರಗೆ ನೀರು ತುಂಬುವ ಪಂಪು ಓಡುತ್ತಿತ್ತು, ಅದು ಯಾರದೋ ಊರಿನ ಪಂಪಿನ ಹಾಗೆ ದೂರ ಹೋಯಿತು. ನನ್ನ ಮೂಗಿನ ಉಸಿರು ಬಿಟ್ಟರೆ ಇನ್ನೇನೂ ಇಲ್ಲ. ಆಗ ತಿಳಿಯಿತು ಕಣೆ. ಅವಳು ಹುಟ್ಟಿದ ಮನೆಯಲ್ಲಿ ಜೋರು ಸದ್ದು ಅಂದರೆ ಅದರ ಹಿಂದೆಯೇ ಏಟು ಬರುತ್ತಿತ್ತಂತಲ್ಲ, ಅಂಥ ಮಗುವಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ನನಗೇ ಹೊರಗೆ ಬರಲು ಮನಸ್ಸಾಗಲಿಲ್ಲ. ಮನಸ್ಸಾದಮೇಲೆ ಮೊಣಕಾಲು ಒಪ್ಪಲಿಲ್ಲ. ಕೊನೆಗೆ ಪಟ್ಟಿಯಪ್ಪನೂ ಅಡುಗೆಯವಳೂ ಆ ಕೈಯೊಬ್ಬರು ಈ ಕೈಯೊಬ್ಬರು ಹಿಡಿದು ಎಳೆದರು. ಅಡುಗೆಯವಳು, "ಅಜ್ಜೀ, ನೀವು ಒಳಗೆ ಹೋಗುವಾಗ ಬೀರು ಹೊಸದಾಗಿತ್ತು" ಅಂದಳು. ಅವಳ ನಾಲಿಗೆಯೂ ನನ್ನ ಜೊತೆ ಇದ್ದು ಕೆಟ್ಟಿದೆ.

ಆಮೇಲಿಂದ ಕೆಲಸ ಶುರುವಾಯಿತು. ಪ್ರತಿ ಶನಿವಾರ ಅಲಾರಂ ಸರಿಯಿದೆಯಾ ಅಂತ ಒತ್ತಿ ನೋಡುವುದು ನಿಯಮವಲ್ಲವಾ, ಆ ಗುಂಡಿಯನ್ನು ಸಾಸಿವೆಯ ಕೈಯಿಂದಲೇ ಒತ್ತಿಸಿ ಅಂತ ತಪಾಸಣೆಯಮ್ಮ ಹೇಳಿದ್ದರು. ಮೊದಲ ಸಲ ಒತ್ತಿದವಳೇ ಬೀರುವಿಗೆ ಓಡಿದಳು. ನಾನು ಅಲ್ಲೇ ಬೀರುವಿನ ಮುಂದೆ ನೆಲದ ಮೇಲೆ ಕೂತು ಬಟಾಣಿ ಬಿಡಿಸಿದೆ. ತುಂಬ ಹೊತ್ತಾದಮೇಲೆ ಕಂಬಳಿಯ ಸಂದಿಯಿಂದ, "ಅದು ಯಾಕೆ ಕಿರುಚುತ್ತೆ?" ಅಂತ ದನಿ ಬಂತು. ನನಗೆ ಶಾಲೆಯ ಬುದ್ಧಿ ಇಲ್ಲ, ಬಾಯಿಗೆ ಬಂದದ್ದು ಹೇಳಿದೆ. "ಅದಕ್ಕೆ ಕೈ ಇಲ್ಲ ಕಣೆ. ಕಿರುಚೋದು ಬಿಟ್ರೆ ಇನ್ನೇನೂ ಬರಲ್ಲ ಅದಕ್ಕೆ. ನಾನು ದಿನಾ ಕಿರುಚ್ತೀನಲ್ಲ, ಯಾವತ್ತಾದ್ರೂ ನಿಂಗೆ ಹೊಡ್ದಿದ್ದೀನಾ?" "ಇಲ್ಲ." "ಅದೂ ನನ್ನ ಹಾಗೇನೇ. ಮುದುಕಿ. ಬರೀ ಬಾಯಿ." ಕಂಬಳಿ ಅಲ್ಲಾಡಿತು. ನಕ್ಕಳೋ ಏನೋ, ನನಗೆ ಕಾಣಲಿಲ್ಲ.

ಅಲ್ಲಿಂದ ನನ್ನ ಬಾಯಿಗೆ ಒಂದು ಉದ್ಯೋಗ ಸಿಕ್ಕಿತು. ನನಗೆ ತೋಚಿದಾಗ, ಹಾಲು ಕಾಯಿಸುವಾಗಲೋ ಬಟ್ಟೆ ಮಡಿಸುವಾಗಲೋ, ಇದ್ದಕ್ಕಿದ್ದ ಹಾಗೆ "ಹೊರಗೇ!" ಅಂತ ಕಿರುಚುತ್ತೇನೆ. ಮಕ್ಕಳೆಲ್ಲ ಟ್ಯಾಂಕಿನ ಹತ್ತಿರ ಓಡುತ್ತಾರೆ. ಅವರಿಗೆ ಇದೊಂದು ಆಟ. ಆ ಉದ್ದ ಕಾಲಿನ ದೊಡ್ಡ ಹುಡುಗಿ ಇದ್ದಾಳಲ್ಲ, ಸಾಸಿವೆಯ ಕೋಣೆಯವಳು, ಮೊದಲ ದಿನ, "ನಿನ್ನಿಂದ ನಮಗೆಲ್ಲ ಕಾಟ, ಹೋಗು ಬೀರುವಿನಲ್ಲೇ ಸಂಸಾರ ಮಾಡು" ಅಂದಳು. ನಾನು ಅವಳ ಕಿವಿ ಹಿಂಡುವಂತಿಲ್ಲ, ಅದಕ್ಕೂ ನಿಯಮ ಇದೆ. "ನೀನು ಬಂದ ಹೊಸದ್ರಲ್ಲಿ ಬ್ರೆಡ್ಡು ದಿಂಬಿನ ಕೆಳಗೆ ಬಚ್ಚಿಡ್ತಿದ್ದೆ, ಇರುವೆ ಬಂದ್ರೂ ನಿನ್ನನ್ನ ಯಾರಾದ್ರೂ ಅಂದಿದ್ರಾ?" ಅಂತ ಮೆಲ್ಲಗೆ ಕೇಳಿದೆ. ಮಾರನೆಯ ದಿನದಿಂದ ಓಡುವಾಗ ಮೆಟ್ಟಿಲ ಬುಡದಲ್ಲಿ ಒಂದು ಗಳಿಗೆ ನಿಂತು ಹಿಂದೆ ತಿರುಗಿ ನೋಡುತ್ತಾಳೆ. ಪಟ್ಟಿಯಪ್ಪ ಮಾತ್ರ, "ಅಜ್ಜೀ, ಮಕ್ಕಳ ಮೇಲೆ ದನಿ ಎತ್ತೋ ಹಾಗಿಲ್ಲ ಅಂತ ನಿಯಮ ಇದೆ" ಅಂದ. "ಮಕ್ಕಳ ಮೇಲೆ ಎತ್ತಿಲ್ಲಪ್ಪಾ, ಬೆಂಕಿಯ ಮೇಲೆ ಎತ್ತಿದ್ದೀನಿ" ಅಂದೆ. ಅದನ್ನೂ ಎಲ್ಲೋ ಬರೆದುಕೊಂಡ.

ಸಾಸಿವೆ ನನ್ನ ಕೂಗಿಗೆ ಒಂದು ಸಲ ಬರುತ್ತಾಳೆ, ಒಂದು ಸಲ ಬೀರುವಿನಲ್ಲಿ ಸಿಗುತ್ತಾಳೆ. ನಿಜವಾದ ಗಂಟೆಗೆ ಏನು ಮಾಡುತ್ತಾಳೋ ಯಾರಿಗೂ ಗೊತ್ತಿಲ್ಲ. ಕಷ್ಟ ಅದಲ್ಲ. ಕಷ್ಟ ಏನೆಂದರೆ ಅವಳು ದಿನಾ ಸಂಜೆ ಹಲ್ಲುಜ್ಜಿ ಬಂದು ನನ್ನ ಮುಂದೆ ನಿಂತು, "ಅಜ್ಜೀ, ನಾಳೆನಾ?" ಅಂತ ಕೇಳುತ್ತಾಳೆ. ಬಾಯಿ ಸುತ್ತ ಪೇಸ್ಟಿನ ನೊರೆ ಇರುತ್ತದೆ. "ಗೊತ್ತಿಲ್ಲ ಕಣೆ" ಅನ್ನುತ್ತೇನೆ. "ಸುಳ್ಳು. ದೊಡ್ಡೋರಿಗೆ ಗೊತ್ತಿರುತ್ತೆ." "ನಿಜವಾಗ್ಲೂ ಗೊತ್ತಿಲ್ಲ." ಆಗ ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದು, ಇದು ನಮ್ಮಿಬ್ಬರದೇ ಗುಟ್ಟು ಅನ್ನುವ ಹಾಗೆ, "ಒಂಚೂರು ಹೇಳು" ಅನ್ನುತ್ತಾಳೆ. ಪುಟ್ಟೀ, ನೀನು ಆ ಮಗುವಿನ ಕಿವಿಯಲ್ಲಿ ಯಾಕೆ ಹೇಳಿದೆ ಅಂತ ನನಗೆ ಆಗ ಅರ್ಥವಾಗುತ್ತದೆ. ನನಗೆ ದಿನ ಗೊತ್ತಿದ್ದಿದ್ದರೆ ನಾನೂ ಹೇಳಿಬಿಡುತ್ತಿದ್ದೆನೋ ಏನೋ. ಗೊತ್ತಿಲ್ಲದ ಹಾಗೆ ಮಾಡಿದ್ದು ಆ ಹೆಂಗಸಿನ ದೊಡ್ಡ ಉಪಕಾರ. ತಪಾಸಣೆ ಅಂದರೆ ನಮ್ಮ ತಪ್ಪು ಹುಡುಕಲು ಬರುವುದು ಅಂತ ತಿಳಿದಿದ್ದೆ. ನಮ್ಮ ಅಂತಃಕರಣ ನಮ್ಮ ಕಣ್ಣಿಗೆ ಕಟ್ಟಿದ ಬಟ್ಟೆಯನ್ನು ಬಿಚ್ಚಲು ಹೊರಗಿನ ಕೈಯೇ ಬೇಕು ಅಂತ ಈಗ ಅನ್ನಿಸುತ್ತದೆ.

ನಿನ್ನ ಬಗ್ಗೆಯೂ ಕೇಳುತ್ತಾಳೆ. ಮೊದಲು ದಿನಾ ಕೇಳುತ್ತಿದ್ದಳು, ಈಗ ಎರಡು ಮೂರು ದಿನಕ್ಕೊಮ್ಮೆ. ಇದನ್ನು ಓದಿ ನಿನಗೆ ಸಮಾಧಾನವಾದರೆ ನಿನ್ನಷ್ಟು ದಡ್ಡಿ ಇನ್ನೊಬ್ಬಳಿಲ್ಲ. ಮಕ್ಕಳು ಕೇಳುವುದನ್ನು ನಿಲ್ಲಿಸುವುದು ಮರೆತು ಅಲ್ಲ, ಅವರಿಗೆ ಅಭ್ಯಾಸವಾಗಿ. ಮೂರು ಮನೆಗಳಲ್ಲಿ ಅದೊಂದನ್ನು ಚೆನ್ನಾಗಿ ಕಲಿತಿದ್ದಾಳೆ.

ಇನ್ನು ನಿಲ್ಲಿಸುತ್ತೇನೆ, ಕೈ ನೋಯುತ್ತಿದೆ, ಸಂಜೆಯ ಹಾಲಿಗೆ ಹೊತ್ತಾಯಿತು. ನಿನ್ನ ಅಮ್ಮನಿಗೆ ಬಾಗಿಲಿನ ಹತ್ತಿರದ ಮೆಟ್ಟಿಲಿಗೆ ಹಿಡಿ ಹಾಕಿಸು ಅಂತ ಹೇಳು, ವರ್ಷದಿಂದ ಹೇಳುತ್ತಿದ್ದೇನೆ, ನನ್ನ ಮಾತು ಅಂದರೆ ಅವಳಿಗೆ ಫ್ಯಾನಿನ ಸದ್ದಿನ ಹಾಗೆ. ಎಣ್ಣೆಯದು ಕಡಿಮೆ ತಿನ್ನಲಿ. ನೀನು ತಲೆಗೆ ನೀರು ಹಾಕಿಕೊಂಡಮೇಲೆ ಒದ್ದೆ ಕೂದಲಲ್ಲಿ ಮಲಗಬೇಡ. ಬೇಕಾದರೆ ಅಳು, ಆದರೆ ಎದ್ದು ಕೂತು ಅಳು, ಮಲಗಿ ಅತ್ತರೆ ಮೂಗು ಕಟ್ಟುತ್ತದೆ. ನಿನಗೆ ಒಳ್ಳೆಯ ಬುದ್ಧಿ ಬರಲಿ, ಒಳ್ಳೆಯ ನಿದ್ದೆ ಬರಲಿ, ಎರಡರಲ್ಲಿ ಯಾವುದು ಮೊದಲು ಬಂದರೂ ಸಂತೋಷ. ತಲೆ ಸವರಿದ್ದೇನೆ ಅಂತ ತಿಳಿ.

ನಿನ್ನ
ಬಾಯಿಬಡುಕಿ ಅಜ್ಜಿ

ತಾ. ಕ.: ಕಾಗದ ಮಡಿಸುತ್ತಿದ್ದೆ, ಗಂಟೆ ಹೊಡೆಯಿತು. ನನ್ನ ಬಾಯಿಯಲ್ಲ, ಗೋಡೆಯದು, ತಪಾಸಣೆಯಮ್ಮ ಹೇಳದೆ ಬಂದು ಒತ್ತಿದ್ದು. ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಮಕ್ಕಳೆಲ್ಲ ಬಂದರು, ಅವಳು ಬರಲಿಲ್ಲ. ಪಟ್ಟಿಯಪ್ಪ ಹೆಸರು ಕೂಗಲು ಬಾಯಿ ತೆರೆದವನು ಹಾಗೇ ನಿಂತ. ಯಾರೂ ಒಳಗೆ ಹೋಗಲಿಲ್ಲ. ಆ ಉದ್ದ ಕಾಲಿನವಳು ಹೆಜ್ಜೆ ಇಟ್ಟಳು, ತಪಾಸಣೆಯಮ್ಮ ಅವಳ ಭುಜ ಹಿಡಿದರು. ಆಮೇಲೆ ಬಾಗಿಲಲ್ಲಿ ಕಾಣಿಸಿದಳು. ಕಿವಿಗೆ ಬೆರಳಿಟ್ಟುಕೊಂಡು, ಗೋಡೆಗೆ ಭುಜ ತಾಗಿಸಿಕೊಂಡು, ಒದ್ದೆ ಲಂಗದಲ್ಲಿ, ಅಳುತ್ತಾ ಬಂದಳು. ಬಂದಳು ಕಣೇ. ನನ್ನ ಮುಂದೆ ನಿಂತು ಬೆರಳು ತೆಗೆದು, "ಯಾರೂ ಹೇಳಿರ್ಲಿಲ್ಲ. ನಾನೇ ಬಂದೆ. ಅಕ್ಕಂಗೆ ಹೇಳು" ಅಂದಳು. ಹೇಳಿದ್ದೇನೆ.

ಆದರೆ ತಪಾಸಣೆಯಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇದು: ಈ ಮಗು ಪಾಸು, ಮನೆ ಇನ್ನೂ ಇಲ್ಲ. ಹೆಸರು ನೋಂದಾಯಿಸಿದ ಮೇಲ್ವಿಚಾರಕಿ ಇಲ್ಲದ ಮನೆಯಲ್ಲಿ ಇಷ್ಟು ಚಿಕ್ಕ ಮಗುವನ್ನು ಬಿಡಲು ಬರುವುದಿಲ್ಲ, ಪಟ್ಟಿಯಪ್ಪನಿಗೆ ಮೇಲ್ವಿಚಾರಕನಾಗುವ ಪರೀಕ್ಷೆ ಇನ್ನೂ ಆಗಿಲ್ಲ. ಸೋಮವಾರ ಮಂಡಳಿ ನಿನ್ನ ರಾಜೀನಾಮೆ ಒಪ್ಪಿದರೆ ಮಂಗಳವಾರ ಅವಳನ್ನು ಕಳಿಸಬೇಕು. 'ಅವರು ಮಾಡಿದ ತಪ್ಪನ್ನು ಅವರೇ ಮಂಡಳಿಯ ಮುಂದೆ ನಿಂತು ಹೇಳಲಿ, ನಾನೂ ಬಂದು ನನ್ನ ಮಾತು ಹೇಳುತ್ತೇನೆ' ಅಂದರು. ಕರೆಯಲು ಬರೆಯುತ್ತಿಲ್ಲ ಅಂದಿದ್ದೆನಲ್ಲ, ಆ ಸಾಲು ಹೊಡೆದುಹಾಕಿಕೋ. ಅಂಚೆಗೆ ಹಾಕಿದರೆ ತಡವಾಗುತ್ತದೆ ಅಂತ ನಮ್ಮ ವ್ಯಾನಿನವನ ಕೈಯಲ್ಲೇ ಕೊಟ್ಟಿದ್ದೇನೆ. ನೀನು ಇದನ್ನು ಓದುವಾಗ ಅವನು ನಿನ್ನ ಅಮ್ಮನ ಮನೆಯ ಬಾಗಿಲಲ್ಲಿ ನಿಂತಿರುತ್ತಾನೆ. ಅವನಿಗೆ ಕುಡಿಯಲು ನೀರು ಕೊಡು, ಚೀಲ ತಗೊಂಡು ವ್ಯಾನು ಹತ್ತು.
</pi​ece>